ಊದದ ಸೀಟಿಗೆ ಒಂದು ವರ್ಷದ ಶಿಕ್ಷೆ

ಶಿಸ್ತು ಸಮಿತಿಯ ಅಧ್ಯಕ್ಷ ಪೀಠದಲ್ಲಿರುವ ಮಾನ್ಯರೇ,

ಕಳೆದ ತಿಂಗಳು ನಡೆದ ಅಂತರ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್ ಫೈನಲ್‌ನಲ್ಲಿ, ಆಟ ಮುಗಿಯಲು ಇನ್ನು ನಾಲ್ಕು ಸೆಕೆಂಡು ಇರುವಾಗ ಸೀಟಿ ಊದಿ, ಊದಿದ ಮೇಲೆ ಬಿದ್ದ ಬ್ಯಾಸ್ಕೆಟ್ಟನ್ನೂ ಲೆಕ್ಕಕ್ಕೆ ಹಿಡಿದರು ಎಂಬ ಅಪರಾಧಕ್ಕಾಗಿ ರೆಫರಿ ವಡಿವುಕ್ಕರಸಿಯವರನ್ನು ತಾವು ಒಂದು ವರ್ಷ ಅಮಾನತು ಮಾಡಿದ್ದೀರಿ. ಅವರು ಸೀಟಿ ಊದಲಿಲ್ಲ. ಈ ತಿಂಗಳ ಇಪ್ಪತ್ತೆಂಟಕ್ಕೆ, ವರ್ಷಕ್ಕೊಮ್ಮೆ ಮಾತ್ರ ನಡೆಯುವ ರಾಷ್ಟ್ರಮಟ್ಟದ ರೆಫರಿಗಳ ಪರೀಕ್ಷೆ ಇದೆ. ಅಮಾನತಿನಲ್ಲಿರುವವರು ಅದಕ್ಕೆ ಕೂರುವಂತಿಲ್ಲ, ಮೂವತ್ತು ದಾಟಿದವರೂ ಕೂರುವಂತಿಲ್ಲ. ಅವರಿಗೆ ಬರುವ ಆಗಸ್ಟಿನಲ್ಲಿ ಮೂವತ್ತು ತುಂಬುತ್ತದೆ. ತಮ್ಮ ಆದೇಶದಲ್ಲಿ ‘ಒಂದು ವರ್ಷ ಮಾತ್ರ’ ಎಂದು ಬರೆದಿದ್ದೀರಲ್ಲ, ಆ ‘ಮಾತ್ರ’ವನ್ನು ಬರೆಯುವಾಗ ಯಾರಾದರೂ ಅವರ ಹುಟ್ಟಿದ ದಿನಾಂಕವನ್ನು ನೋಡಿದ್ದರೇ?

ಈ ವಿಷಯ ತಮಗೆ ಹೊಸದಲ್ಲ. ಇಂಗ್ಲಿಷಿನಲ್ಲಿ ಎರಡು ಇಮೇಲ್ ಕಳಿಸಿದೆ. ತಮಿಳಿನಲ್ಲಿ ಒಂದು ಅರ್ಜಿ ಬರೆದು, ಖುದ್ದಾಗಿ ತಮ್ಮ ಕಚೇರಿಗೆ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬಂದೆ. ಮೊಹರು ಬಹಳ ಚೆನ್ನಾಗಿ ಬಿದ್ದಿದೆ. ಅದೊಂದರ ಹೊರತು ತಮ್ಮ ಕಚೇರಿಯಿಂದ ನನಗೆ ಬೇರೇನೂ ಸಿಗಲಿಲ್ಲ. ಆದ್ದರಿಂದ ಈಗ ಕನ್ನಡದಲ್ಲಿ, ಚೆನ್ನೈನ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ಎಲ್ಲರೆದುರು ಬರೆಯುತ್ತಿದ್ದೇನೆ. ಹೋದ ವರ್ಷ ಸಂಘದ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದಿದ್ದ ತಾವು, ಕನ್ನಡ ಓದದೆ ತಮಗೆ ದಿನ ಕಳೆಯುವುದಿಲ್ಲ ಎಂದು ವೇದಿಕೆಯ ಮೇಲಿಂದ ಹೇಳಿದ್ದಿರಿ. ನಾವು ಚಪ್ಪಾಳೆ ತಟ್ಟಿದ್ದೆವು. ಆ ಚಪ್ಪಾಳೆಯ ಋಣಕ್ಕಾದರೂ ಇದನ್ನು ಓದಿ. ಇನ್ನೊಂದು ಕಾರಣವೂ ಇದೆ. ಆ ರೆಫರಿಯ ಮೇಲೆ ಮುಗಿಬಿದ್ದವರಲ್ಲಿ ಹೆಚ್ಚಿನವರು ಇದೇ ಪತ್ರಿಕೆಯ ಓದುಗರು. ಅವರಲ್ಲಿ ನಾನೂ ಒಬ್ಬ.

ನನ್ನ ಹೆಸರು ಉಪೇಂದ್ರ. ಕೀಲ್ಪಾಕಿನ ಒಂದು ಕಿವಿ ಚಿಕಿತ್ಸಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಶ್ರವಣ ಪರೀಕ್ಷೆ ಮಾಡುವ ಕೆಲಸ ನನ್ನದು. ಬಂದವರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ಸದ್ದುಗಳನ್ನು ಕೇಳಿಸಿ, ಕೇಳಿದಾಗ ಬೆರಳೆತ್ತಿ ಎನ್ನುತ್ತೇನೆ. ಯಾವ ಸದ್ದು ಯಾವ ಕಡೆಯಿಂದ, ಎಷ್ಟು ದೂರದಿಂದ ಬಂತು ಎಂದು ತಿಳಿಯುವುದರಲ್ಲಿ ನನಗೆ ತಕ್ಕಮಟ್ಟಿನ ಹೆಮ್ಮೆಯಿತ್ತು. ಇತ್ತು ಎಂದೇ ಬರೆಯುತ್ತೇನೆ.

ನನ್ನ ತಂಗಿ ವೃಂದಾಳ ಮಗಳು ಸಂಹಿತಾ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಎದುರಾಳಿಗಳನ್ನು ತಡೆಯುವ ಜವಾಬ್ದಾರಿ ಅವಳದು. ತಂಡ ಮೂರು ವರ್ಷಗಳಲ್ಲಿ ಮೊದಲ ಬಾರಿ ಫೈನಲ್ ತಲುಪಿದ್ದರಿಂದ ತಿರುವಲ್ಲಿಕೇಣಿ, ಟಿ. ನಗರ ಕಡೆಯ ನಮ್ಮವರು ಇಪ್ಪತ್ತು ಮಂದಿ, ಆ ಶನಿವಾರ ಸಂಜೆ ತಗಡಿನ ಚಾವಣಿಯ ಅಂಗಣಕ್ಕೆ ಹೋಗಿ ಬ್ಯಾಸ್ಕೆಟ್ಟಿನ ಹಿಂದಿನ ಗ್ಯಾಲರಿಯಲ್ಲಿ ಕೂತೆವು, ನಾನು ಮೂರನೇ ಸಾಲಿನಲ್ಲಿ. ಈ ಊರಿನಲ್ಲಿ ಸೀಟಿಯಿಲ್ಲದೆ ಪಂದ್ಯ ನೋಡಲು ಹೋಗುವುದು ವಾಲಗವಿಲ್ಲದ ಮದುವೆಗೆ ಹೋದ ಹಾಗೆ. ಕ್ರಿಕೆಟ್ಟಿಗೆ ಒಯ್ಯುತ್ತಾರೆ, ಕಬಡ್ಡಿಗೆ ಒಯ್ಯುತ್ತಾರೆ, ನಾವು ಬ್ಯಾಸ್ಕೆಟ್‌ಬಾಲಿಗೂ ಒಯ್ದೆವು. ನಮ್ಮ ಗುಂಪಿನದೊಂದು ಪದ್ಧತಿಯಿತ್ತು. ನಮ್ಮ ಹುಡುಗಿಯರು ಅಂಕ ಗಳಿಸಿದರೆ, ಇಲ್ಲವೇ ಎದುರಾಳಿಯ ಚೆಂಡನ್ನು ತಡೆದರೆ, ಎರಡು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಸೀಟಿ ಊದುವುದು. ಊದುವ ಗೌರವ ವಯಸ್ಸಿನಲ್ಲಿ ಹಿರಿಯನಾದ ನನಗೇ ಮೀಸಲು. ನನ್ನ ಎನ್‌ಸಿಸಿ ದಿನಗಳ ಹಿತ್ತಾಳೆ ಸೀಟಿ, ಒಳಗೆ ಕಾರ್ಕಿನ ಗುಂಡು ಉರುಳುವಂಥದ್ದು, ಸಂಜೆಯೆಲ್ಲ ನನ್ನ ಹಲ್ಲುಗಳ ನಡುವೆಯೇ ಇತ್ತು. ಒಂದು ಕೈಯಲ್ಲಿ ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದೆ.

ಕೊನೆಯ ಕ್ಷಣಗಳನ್ನು ತಾವು ವಿಡಿಯೋದಲ್ಲಿ ಏಳು ಬಾರಿ ನೋಡಿದ್ದಾಗಿ ಆದೇಶದಲ್ಲೇ ಇದೆ. ಆದರೂ ಓದುಗರಿಗಾಗಿ ಹೇಳುತ್ತೇನೆ. ನಮ್ಮದು ಅರವತ್ತೊಂದು, ಅವರದು ಅರವತ್ತು. ನಾಲ್ಕು ಸೆಕೆಂಡು ಉಳಿದಿತ್ತು. ಅವರ ಒಂಬತ್ತನೇ ನಂಬರಿನ ಹುಡುಗಿ ನುಗ್ಗಿ ಬಂದು ಚೆಂಡೆಸೆದಳು, ಸಂಹಿತಾ ಹಾರಿ ತಡೆದಳು. ಚೆಂಡು ಅಂಗಣದೊಳಗೇ ಬಿತ್ತು. ಆಗ ಒಂದು ಸೀಟಿ ಕೇಳಿಸಿತು, ಚಿಕ್ಕದು. ಸೀಟಿ ಕೇಳಿದ ಕೂಡಲೇ ನಿಲ್ಲಬೇಕು, ವಾದ ಮಾಡಬಾರದು ಎಂದು ನಮ್ಮ ಹುಡುಗಿಯರಿಗೆ ಅವರ ಕೋಚ್ ಮೂರು ವರ್ಷ ಕಲಿಸಿದ್ದಾರೆ. ಸಂಹಿತಾ ನಿಂತಳು, ಎರಡೂ ಕೈ ಇಳಿಸಿದಳು. ಒಂಬತ್ತನೇ ನಂಬರಿನವಳು ನಿಲ್ಲಲಿಲ್ಲ. ಬಿದ್ದ ಚೆಂಡನ್ನೆತ್ತಿ ಬ್ಯಾಸ್ಕೆಟ್ಟಿಗೆ ಹಾಕಿದಳು. ಗಂಟೆ ಹೊಡೆಯಿತು. ನಮಗೆ ಬೆನ್ನು ಹಾಕಿ ನಿಂತಿದ್ದ ವಡಿವುಕ್ಕರಸಿಯವರು ಕೈಯೆತ್ತಿ ಎರಡು ಬೆರಳು ತೋರಿಸಿದರು. ಅರವತ್ತೊಂದಕ್ಕೆ ಅರವತ್ತೆರಡು. ನಾವು ಸೋತೆವು. ನಮ್ಮ ಕ್ಯಾಪ್ಟನ್ ಅಂಕಪಟ್ಟಿಯಲ್ಲಿ ಆಕ್ಷೇಪಣೆಯ ಜಾಗದಲ್ಲಿ ಸಹಿ ಹಾಕಿದಳು.

“ವಿಷಲ್ ಕೇಟ್ಟೇನ್ ಮಾಮಾ, ಸತ್ಯಮಾ ಕೇಟ್ಟೇನ್,” ಎಂದು ಸಂಹಿತಾ ಅಳುತ್ತ ಬಂದಳು. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ಬರುವುದು ತಮಿಳಿನಲ್ಲಿ. ಸೀಟಿ ಕೇಳಿದ್ದು ನಿಜ ಎಂದು ಆಣೆ ಮಾಡುತ್ತಿದ್ದಳು. ನಮಗೂ ಕೇಳಿಸಿತ್ತು. ಇಪ್ಪತ್ತು ಮಂದಿಗೂ ಕೇಳಿಸಿತ್ತು. ಸೀಟಿ ಆಗಿದೆ, ರೆಫರಿಯ ಬಾಯಲ್ಲಿ ಸೀಟಿ ಇದೆ, ಇನ್ನು ಬೇರೆ ಪುರಾವೆ ಏಕೆ? ಅಲ್ಲಿಂದ ಶುರುವಾಯಿತು ನಮ್ಮ ಚರ್ಚೆ. ಗೇಟಿನ ಹೊರಗೆ ಕಾಫಿ ಕುಡಿಯುತ್ತ ಒಂದು ಗಂಟೆ, ಆಮೇಲೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ವಾರ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ತಂಡಕ್ಕೆ ಎಷ್ಟು ಜನ ಎಂದು ಶುಕ್ರವಾರದವರೆಗೆ ತಿಳಿಯದವರು ಭಾನುವಾರ ನಿಯಮಾವಳಿಯ ಕಲಮುಗಳನ್ನು ಹೇಳತೊಡಗಿದರು. ಗುಂಪಿನ ಯಜಮಾನ ಗುರುಚರಣ ಶೋಳಿಂಗನಲ್ಲೂರಿನ ಐಟಿ ಕಂಪನಿಯಲ್ಲಿ ಕೆಲಸ ಮಾಡುವವನು. ಆಫೀಸಿನ ಕ್ಯಾಬ್‌ನಲ್ಲಿ ಹೋಗಿ ಬರುವ ಎರಡೆರಡು ಗಂಟೆಯನ್ನು ಈ ಸೇವೆಗೇ ಮುಡಿಪಿಟ್ಟ. ಆ ರೆಫರಿಯ ‘ಹನ್ನೊಂದು ತಪ್ಪು ತೀರ್ಪುಗಳು’ ಎಂದು ಪಟ್ಟಿ ಮಾಡಿದ. ಮೂರನೇ ಕ್ವಾರ್ಟರಿನಲ್ಲಿ ನಮ್ಮ ಕ್ಯಾಪ್ಟನ್ ಚೆಂಡು ಪುಟಿಸದೆ ಹೆಜ್ಜೆ ಹಾಕಿದಳೆಂದು ಕೊಟ್ಟ ತೀರ್ಪು ತಪ್ಪು, ಅವಳ ಐದನೇ ಫೌಲ್ ತಪ್ಪು, ಹೀಗೆ. ನಾನು ತೆಗೆದ ವಿಡಿಯೋವನ್ನು ನಿಧಾನಗೊಳಿಸಿ, ರೆಫರಿಯ ತಲೆಯ ಸುತ್ತ ಕೆಂಪು ವೃತ್ತ ಎಳೆದು, ಊರಿಗೆಲ್ಲ ಹಂಚಿದವನೂ ಅವನೇ.

ಆ ಹನ್ನೊಂದನ್ನು ನಾನು ಆಮೇಲೆ ನಿಯಮದ ಪುಸ್ತಕ ಇಟ್ಟುಕೊಂಡು ಕೂತು ನೋಡಿದ್ದೇನೆ. ಎಂಟು ತೀರ್ಪುಗಳು ಸರಿಯಾಗಿವೆ. ಎರಡು ಹೀಗೂ ಹೇಳಬಹುದು, ಹಾಗೂ ಹೇಳಬಹುದು. ಅವೆರಡರಲ್ಲಿ ಒಂದು ನಮಗೆ ಅನುಕೂಲವಾದದ್ದು. ಹನ್ನೊಂದನೆಯದೇ ಈ ಸೀಟಿ. ಆದರೆ ಆಗ ಪುಸ್ತಕ ಯಾರಿಗೆ ಬೇಕಿತ್ತು? ಸೋತ ಸಿಟ್ಟಿಗೆ ಒಬ್ಬರು ಬೇಕಿತ್ತು, ಸಿಕ್ಕಿದರು. ಅವರು ಉತ್ತರ ಚೆನ್ನೈನ ಕಡಲಂಚಿನ ತಿರುವೊಟ್ಟಿಯೂರಿನವರು ಎಂದು ಯಾರೋ ಪತ್ತೆ ಹಚ್ಚಿದರು. ‘ಅಲ್ಲೇ ಮೀನು ಮಾರಿಕೊಂಡಿರಲಿ, ಅಂಗಣಕ್ಕೆ ಯಾಕೆ ಬರಬೇಕು’ ಎಂದು ಇನ್ಯಾರೋ ಬರೆದರು. ಅವರ ತಂದೆ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವವರು ಎಂದು ನನಗೆ ಈಚೆಗೆ ತಿಳಿಯಿತು. ಮೀನು ಮಾರುವವರೇ ಆಗಿದ್ದರೂ ಆ ಮಾತಿಗೆ ಕ್ಷಮೆಯಿಲ್ಲ. ಆ ಮಾತಿನ ಕೆಳಗೆ ನಗುವ ಮುಖದ ಗುರುತು ಒತ್ತಿದ ಒಂಬತ್ತು ಜನರಲ್ಲಿ ನಾನಿದ್ದೇನೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಇನ್ನು ತಮ್ಮ ಸಮಿತಿಯ ಪರಾಕ್ರಮಕ್ಕೆ ಬರೋಣ. ಹಂಚಿಕೆಯಾದ ಆ ವಿಡಿಯೋವನ್ನು ತಾವು ಮುಖ್ಯ ಸಾಕ್ಷ್ಯವಾಗಿ ಸ್ವೀಕರಿಸಿದಿರಿ. ತೆಗೆದವರು ಯಾರು, ಎಲ್ಲಿ ಕೂತು ತೆಗೆದರು, ಫೋನ್ ಹಿಡಿದವನ ಬಾಯಲ್ಲಿ ಏನಿತ್ತು ಎಂದು ಒಂದು ಸಲವೂ ಕೇಳಲಿಲ್ಲ. ಸೀಟಿ ಊದಿದ ರೆಫರಿ ತಕ್ಷಣ ಕೈ ಮೇಲೆತ್ತುತ್ತಾರೆ. ಅದು ಅವರಿಗೆ ಉಸಿರಾಟದಷ್ಟು ರೂಢಿ. ವಿಡಿಯೋದಲ್ಲಿ ಅವರ ಕೈ ಏಕೆ ಏಳಲಿಲ್ಲ? ಸೀಟಿ ಕೇಳಿದರೆ ಮೇಜಿನ ಬಳಿ ಕೂತವರು ಗಡಿಯಾರ ನಿಲ್ಲಿಸಬೇಕು. ಗಡಿಯಾರ ಸೊನ್ನೆಯವರೆಗೆ ಏಕೆ ಓಡಿತು? ಅಂಗಣದ ಆ ಕಡೆಯಲ್ಲಿದ್ದ ಎರಡನೇ ರೆಫರಿ, ತಮ್ಮ ಸಮಿತಿಯ ಹಳೆಯ ಸದಸ್ಯರು, ‘ನಾನು ಊದಲಿಲ್ಲ, ಬೇರೆಯದು ಗಮನಕ್ಕೆ ಬರಲಿಲ್ಲ’ ಎಂದು ಎರಡು ಸಾಲು ಬರೆದುಕೊಟ್ಟು ಮನೆಗೆ ಹೋದರು. ಉಳಿದವರು ಒಬ್ಬರೇ, ಹೊಸಬರು, ಹೆಂಗಸು. ಇಷ್ಟು ಸುಲಭದ ಲೆಕ್ಕಕ್ಕೆ ಏಳು ಬಾರಿ ವಿಡಿಯೋ ನೋಡುವ ಶ್ರಮವಾದರೂ ಏಕೆ ಬೇಕಿತ್ತು? ಅವರಿಗೆ ಅಮಾನತು, ನಮಗೆ ಮೂವತ್ತನೇ ತಾರೀಕು ಮರುಪಂದ್ಯ ಎಂದು ತಾವು ಆದೇಶ ಹೊರಡಿಸಿದಿರಿ. ನಮ್ಮ ಗುಂಪಿನಲ್ಲಿ ಅಂದು ಹಬ್ಬ. ನ್ಯಾಯ ಗೆದ್ದಿತು ಎಂದು ನಾನೇ ಬರೆದೆ.

ಅದಾದ ಮೂರನೇ ದಿನ ಜಾನಕಮ್ಮನವರು ಚಿಕಿತ್ಸಾಲಯಕ್ಕೆ ಬಂದರು. ತಿರುವಲ್ಲಿಕೇಣಿಯ ಎಪ್ಪತ್ತೆಂಟು ವರ್ಷದ ಹಿರಿಯರು, ನಮ್ಮ ವಾಟ್ಸಾಪ್ ಗುಂಪಿನವರೇ. ಕಿವಿಗೆ ಹೊಸ ಶ್ರವಣ ಯಂತ್ರ ಹಾಕಿಸಿಕೊಂಡಿದ್ದರು. ಫೋನಿನ ಸದ್ದು ಅದರಲ್ಲಿ ನೇರವಾಗಿ ಕಿವಿಯೊಳಗೇ ಕೇಳುತ್ತದೆ. ಸರಿಯಾಗಿ ಕೇಳುತ್ತಿದೆಯೇ ನೋಡಲು ಏನಾದರೂ ಹಾಕಿ ಎಂದೆ. ಅವರು ಹಾಕಿದ್ದು ನಮ್ಮ ವಿಡಿಯೋವನ್ನೇ. ಗುರುಚರಣನ ಕೆಂಪು ವೃತ್ತದ್ದಲ್ಲ, ನಾನು ಮೊದಲ ದಿನ ಹಾಕಿದ ಪೂರ್ತಿ ವಿಡಿಯೋ.

“ಚೆನ್ನಾಗ್ ಕೇಳತ್ತೆ ಕಣೋ ಉಪೇಂದ್ರ,” ಎಂದರು. “ಆ ರೆಫರಿ ಪೊಣ್ಣು ಊದೋದೆಲ್ಲ ದೂರದಲ್ಲಿ ಕೇಳತ್ತೆ. ಕಡೇದು ಮಾತ್ರ ಕಿವಿ ಪಕ್ಕದಲ್ಲೇ ಊದ್ದಂಗಿದೆ. ಊದೋಕ್ಮುಂಚೆ ಯಾರೋ ಉಸಿರು ಎಳ್ಕೋತಾರಲ್ಲ, ಅದೂ ಕೇಳತ್ತೆ. ಮೂಗು ಕಟ್ಟಿರೋ ಉಸಿರು. ನಿಂಗೆ ಆವತ್ತು ನೆಗಡಿ ಇತ್ತಲ್ವಾ, ಈಗ ಸೆರಿಹೋಯ್ತಾ?”

ಅವರು ಕ್ಷೇಮ ವಿಚಾರಿಸಿದ್ದು, ಅಷ್ಟೇ. ಅವರನ್ನು ಕಳಿಸಿ, ಗಾಜಿನ ಕೋಣೆಯೊಳಗೆ ನಾನೇ ಕೂತು, ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಆಟದುದ್ದಕ್ಕೂ ರೆಫರಿಗಳ ಸೀಟಿ ತಗಡಿನ ಚಾವಣಿಗೆ ಬಡಿದು ಮಾರ್ದನಿಯೊಂದಿಗೆ ಬರುತ್ತದೆ. ಕೊನೆಯ ಈ ಸೀಟಿಗೆ, ಅಂದು ನಾನು ಊದಿದ ಉಳಿದ ಸೀಟಿಗಳಂತೆಯೇ, ಮಾರ್ದನಿಗಿಂತ ಮೊದಲು ಉಸಿರಿದೆ. ಈಗಿನ ರೆಫರಿಗಳ ಸೀಟಿಯಲ್ಲಿ ಗುಂಡು ಇರುವುದಿಲ್ಲ, ಸದ್ದು ಒಂದೇ ಎಳೆಯಾಗಿ ಬರುತ್ತದೆ. ಇದರಲ್ಲಿ ಕಾರ್ಕಿನ ಗುಂಡು ಗಿರಗಿರ ಉರುಳುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಸಂಹಿತಾ ಚೆಂಡು ತಡೆದಳಲ್ಲ, ಆಗ ನಮ್ಮ ಪದ್ಧತಿಯ ಪ್ರಕಾರ ಎರಡು ಚಿಕ್ಕದು, ಒಂದು ಉದ್ದ ಊದಲು ಹೊರಟವನು ನಾನು. ಮೊದಲನೆಯದು ಬಾಯಿಂದ ಬಿದ್ದಿತ್ತು. ಅಷ್ಟರಲ್ಲಿ ಚೆಂಡು ಎದುರಾಳಿಯ ಕೈಗೆ ಹೋದದ್ದು ನೋಡಿ ಉಳಿದೆರಡು ಗಂಟಲಲ್ಲೇ ನಿಂತವು. ಊದಿದ ನೆನಪೇ ನನಗಿರಲಿಲ್ಲ. ಆ ಸದ್ದು ಅಷ್ಟು ಜೋರಾಗಿ, ಅಷ್ಟು ಖಚಿತವಾಗಿ ವಿಡಿಯೋದಲ್ಲಿ ಬಿದ್ದದ್ದು ಫೋನಿಗೂ ನನ್ನ ಬಾಯಿಗೂ ಒಂದು ಗೇಣು ಅಂತರವಿದ್ದುದರಿಂದ. ನನ್ನ ಸೋದರ ಸೊಸೆ ಗೆದ್ದಳೆಂದು ಸಂಭ್ರಮಪಟ್ಟು ಅವಳನ್ನು ನಿಲ್ಲಿಸಿದವನು ನಾನು. ಪಂದ್ಯ ಸೋಲಿಸಿದವನೂ ನಾನೇ.

ಮಾನ್ಯರೇ, ಇಷ್ಟು ತಿಳಿದ ಮೇಲೆ ನಾನು ಓಡಿಬಂದು ತಮ್ಮ ಬಾಗಿಲು ತಟ್ಟಿದೆ ಎಂದು ಬರೆಯಲು ಆಸೆಯಾಗುತ್ತದೆ. ತಟ್ಟಲಿಲ್ಲ. ಹನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದೆ. ಬೆಳಿಗ್ಗೆ ಎದ್ದು ಸ್ನಾನ, ಸಂಧ್ಯಾವಂದನೆ ಮಾಡಿ, ಕೆಲಸಕ್ಕೆ ಹೋಗಿ, ಬಂದವರಿಗೆ ಕೇಳಿಸಿತೇ ಕೇಳಿಸಿತೇ ಎಂದು ಕೇಳಿ ಮನೆಗೆ ಬರುತ್ತಿದ್ದೆ. ವೃಂದಾಳಿಗೆ ಮೊದಲು ಹೇಳಿದೆ. ಅವಳು ಕೇಳಿದಳು:

“ಅಣ್ಣಾ, ಯಾರಾದ್ರೂ ನಿನ್ನ ಕೇಳಿದ್ರಾ? ಇಲ್ಲ ಅಲ್ವಾ? ನೀನಾಗ್ ನೀನೇ ಯಾಕೆ ಹೋಗಿ ಸಿಕ್ಕಿ ಮಾಟ್ಟಿಕೋತೀಯ? ಸಂಹಿತಾಗೆ ಇದೇ ಕಡೇ ವರ್ಷ. ಮರುಪಂದ್ಯ ಬಂದಿದೆ, ಆಡ್ಲಿ ಬಿಡು. ಆ ಹುಡುಗಿಗೆ ಒಂದು ವರ್ಷ ತಾನೇ, ಆಮೇಲೆ ಎಲ್ಲ ಸೆರಿಹೋಗತ್ತೆ.”

ಅವಳ ಮೇಲೆ ನನಗೆ ಕೋಪವಿಲ್ಲ. ಆ ಹನ್ನೊಂದು ದಿನ ನಾನು ನನಗೇ ಹೇಳಿಕೊಂಡದ್ದೂ ಅದೇ ಮಾತು. ಒಂದು ವರ್ಷ ತಾನೇ. ಆಮೇಲೆ ಪತ್ರಿಕೆಯ ಮೂಲೆಯಲ್ಲಿ ಆ ಪರೀಕ್ಷೆಯ ಪ್ರಕಟಣೆ ಕಂಡಿತು, ವಯಸ್ಸಿನ ಮಿತಿಯನ್ನೂ ಓದಿದೆ. ಅಲ್ಲಿಗೆ ಆ ಸಮಾಧಾನವೂ ಮುಗಿಯಿತು. ಸಂಹಿತಾಳಿಗೆ ನಾನೇ ಹೇಳಬೇಕೆಂದು ಅಂಗಣಕ್ಕೆ ಹೋದೆ. ಮರುಪಂದ್ಯಕ್ಕೆ ಅಭ್ಯಾಸ ಮಾಡುತ್ತಿದ್ದಳು. ಬೆವರು ಒರೆಸಿಕೊಳ್ಳುತ್ತ ಬಂದು ಕೇಳಿದಳು. ಕೇಳಿ ಮುಗಿದ ಮೇಲೆ ಅಂದಳು:

“ನೀಂಗಳಾ ಮಾಮಾ? ಉಂಗ ವಿಷಲ್‌ಗಾ ನಾನ್ ನಿಂದೇನ್?”

ನಿಮ್ಮ ಸೀಟಿಗಾ ನಾನು ನಿಂತದ್ದು ಎಂದು ಕೇಳುತ್ತಿದ್ದಳು. ಹೌದು ಎಂದೆ. ಸಮಿತಿಗೆ ಹೇಳಿದರೆ ಮರುಪಂದ್ಯ ರದ್ದಾಗುತ್ತದೆ ಎಂದೂ ಹೇಳಿದೆ. ಅವಳು ಸಣ್ಣವಳಿದ್ದಾಗಿನಿಂದ ನನ್ನ ಸ್ಕೂಟರಿನ ಹಿಂದೆ ಕೂತು ಈ ಅಭ್ಯಾಸಕ್ಕೆ ಹೋಗಿ ಬಂದವಳು. ‘ಪರವಾಗಿಲ್ಲ ಮಾಮಾ, ಹೇಳಿ’ ಎಂದು ಉದಾರವಾಗಿ ಒಪ್ಪಿದಳೆಂದು ಬರೆದರೆ ಓದುಗರಿಗೆ ಹಿತವಾಗುತ್ತಿತ್ತು. ಅವಳು ಹಾಗೆ ಹೇಳಲಿಲ್ಲ. ಟವೆಲ್ಲನ್ನು ಬೆಂಚಿನ ಮೇಲೆ ಎಸೆದು ಅಂಗಣಕ್ಕೆ ಮರಳಿದಳು. ಅಂದಿನಿಂದ ನನ್ನೊಂದಿಗೆ ಮಾತಿಲ್ಲ. ಅವಳ ಸಿಟ್ಟು ನ್ಯಾಯವಾದದ್ದು, ಅದನ್ನು ಅನುಭವಿಸುತ್ತಿದ್ದೇನೆ.

ಆಮೇಲೆ ತಮಗೆ ಇಮೇಲ್ ಕಳಿಸಿದೆ. ಭಾನುವಾರ ಅದೇ ಅಂಗಣಕ್ಕೆ ಹೋಗಿ, ಕಾವಲುಗಾರರ ಅನುಮತಿ ಪಡೆದು, ಅದೇ ಮೂರನೇ ಸಾಲಿನಲ್ಲಿ ಕೂತು, ಅದೇ ಸೀಟಿಯನ್ನು ಊದಿ ಅದೇ ಫೋನಿನಲ್ಲಿ ಮುದ್ರಿಸಿಕೊಂಡೆ. ಎರಡೂ ಸದ್ದನ್ನು ಪಕ್ಕಪಕ್ಕ ಇಟ್ಟು ಕೇಳಿದರೆ ಮಕ್ಕಳಿಗೂ ಗೊತ್ತಾಗುತ್ತದೆ. ಅವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ತಮ್ಮ ಕಚೇರಿಗೆ ಬಂದೆ. ಅಲ್ಲಿನ ಅಧಿಕಾರಿ ಬಹಳ ಸೌಜನ್ಯದಿಂದ ಕೂರಿಸಿ, ನನಗೆ ನನ್ನ ಸ್ಥಾನವನ್ನು ತಿಳಿಸಿಕೊಟ್ಟರು. ನಾನು ಪ್ರೇಕ್ಷಕ. ಪ್ರೇಕ್ಷಕನಿಗೆ ಸಮಿತಿಯ ಮುಂದೆ ಹೇಳಿಕೆ ಕೊಡುವ ಹಕ್ಕಿಲ್ಲ. ತಂಡದವರು ಮಾತ್ರ ಕೊಡಬಹುದು, ಅದೂ ಪಂದ್ಯ ಮುಗಿದ ಇಪ್ಪತ್ತು ನಿಮಿಷದೊಳಗೆ.

ಎಂಥ ಸುಂದರವಾದ ನಿಯಮ! ಇದೇ ಪ್ರೇಕ್ಷಕ ತೆಗೆದ ವಿಡಿಯೋ ನಾಲ್ಕು ದಿನದ ಮೇಲೆ ಬಂದಾಗ ತಮಗೆ ಅದು ಸಾಕ್ಷ್ಯವಾಯಿತು. ಅದೇ ಪ್ರೇಕ್ಷಕ ಬಂದು ಆ ಸದ್ದು ನನ್ನದು ಎಂದರೆ ಹಕ್ಕಿಲ್ಲ. ಒಬ್ಬರನ್ನು ತಪ್ಪಿತಸ್ಥರೆಂದು ಸಾರುವುದಾದರೆ ನನ್ನ ಫೋನ್ ಸಾಕು, ನಿರಪರಾಧಿ ಎಂದು ಸಾರಬೇಕಾದರೆ ನನ್ನ ಬಾಯಿ ಸಾಲದು. ಗ್ಯಾಲರಿಯ ಕೂಗಾಟ ತಮ್ಮ ಸಭಾಂಗಣದವರೆಗೆ ಕೇಳಿಸುತ್ತದೆ, ಗ್ಯಾಲರಿಯಲ್ಲಿ ಕೂತವನೊಬ್ಬ ಮೆಲ್ಲಗೆ ಬಂದು ತಪ್ಪೊಪ್ಪಿಕೊಂಡರೆ ಕೇಳಿಸುವುದಿಲ್ಲ. ಇದು ಯಾವ ಬಗೆಯ ಕಿವುಡು ಎಂದು ನನ್ನ ಇಪ್ಪತ್ತಾರು ವರ್ಷದ ಅನುಭವದಲ್ಲಿ ತಿಳಿಯಲಿಲ್ಲ. ಏಳುವಾಗ ಆ ಅಧಿಕಾರಿ ಇನ್ನೊಂದು ಮಾತು ಹೇಳಿದರು. “ಸಾರ್, ನೀವು ಯಾಕೆ ಇಷ್ಟು ಕಷ್ಟಪಡ್ತೀರಿ? ಆ ಅಮ್ಮ ತಾನೇ ಊದಿದ್ದು ಅಂತ ಒಪ್ಪಿ ಬರೆದುಕೊಟ್ಟಿದಾರೆ. ಫೈಲ್ ಮುಗೀತು.”

ಈ ಮಾತು ನನಗೆ ಅರ್ಥವಾಗಲಿಲ್ಲ. ಮಾಡದ ತಪ್ಪನ್ನು ಯಾರು ಒಪ್ಪುತ್ತಾರೆ? ಮರುದಿನ ರಜೆ ಹಾಕಿ, ಮೆಟ್ರೋ ಹತ್ತಿ ತಿರುವೊಟ್ಟಿಯೂರಿಗೆ ಹೋದೆ. ವಡಿವುಕ್ಕರಸಿಯವರು ಅಲ್ಲಿನ ಒಂದು ಶಾಲೆಯಲ್ಲಿ ಹಂಗಾಮಿ ದೈಹಿಕ ಶಿಕ್ಷಕಿ. ಬೆಳಗಿನ ಡ್ರಿಲ್ ನಡೆಯುತ್ತಿತ್ತು. ಕೊರಳಲ್ಲಿ ಸೀಟಿ ಇರಲಿಲ್ಲ, ಚಪ್ಪಾಳೆ ತಟ್ಟಿ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದರು. ನಾನು ಯಾರೆಂದು ಹೇಳಿದೆ. ಆ ವಿಡಿಯೋ ತೆಗೆದವನು ಎಂದಾಗ ಅವರ ಮುಖ ಬಿಗಿಯಿತು. ಸೀಟಿಯ ವಿಷಯ ಪೂರ್ತಿ ಹೇಳಿದೆ. ಬೈಯುತ್ತಾರೆ, ಬೈಯಲಿ ಎಂದು ತಲೆತಗ್ಗಿಸಿ ನಿಂತಿದ್ದೆ. ಅವರು ಬೈಯಲಿಲ್ಲ. ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂತುಬಿಟ್ಟರು. ಅವರು ತಮಿಳಿನಲ್ಲಿ ಹೇಳಿದ್ದನ್ನು ನನಗೆ ಬಂದಂತೆ ಕನ್ನಡದಲ್ಲಿ ಬರೆಯುತ್ತೇನೆ.

“ನಾನು ಊದಿಲ್ಲ ಅಂತ ಮೂರು ದಿನ ಹೇಳಿದೆ ಸಾರ್. ಸಮಿತಿ ಮುಂದೆ ಹೇಳಿದೆ, ಮನೇಲಿ ಹೇಳಿದೆ. ಎಲ್ಲರೂ ಆ ವಿಡಿಯೋ ತೋರಿಸಿದ್ರು. ನಾನೂ ನೋಡಿದೆ, ಇನ್ನೂರು ಸಲ ನೋಡಿರಬಹುದು. ನನ್ನ ಬೆನ್ನು ಕಾಣತ್ತೆ, ವಿಷಲ್ ಕೇಳತ್ತೆ. ನಾಲ್ಕನೇ ದಿನ, ಊದಿರಬಹುದೇನೋ ಅನ್ನಿಸ್ತು. ಅಷ್ಟು ಜನಕ್ಕೆ ಕೇಳಿಸಿದೆ, ನನಗೊಬ್ಬಳಿಗೆ ಗೊತ್ತಾಗಿಲ್ಲ ಅಂದ್ರೆ ತಪ್ಪು ನಂದೇ ಇರಬೇಕು ಅಂತ ಬರೆದುಕೊಟ್ಟೆ. ಈಗ ವಿಷಲ್ ಬಾಯಿಗಿಟ್ಟರೆ ಗೊತ್ತಿಲ್ಲದೇ ಊದಿಬಿಡ್ತೀನೇನೋ ಅಂತ ಭಯ. ಅದಕ್ಕೇ ಮನೇಲಿ ಇಟ್ಟು ಬರ್ತೀನಿ.”

ಅಧ್ಯಕ್ಷರೇ, ತಮ್ಮ ಫೈಲು ಮುಗಿದದ್ದು ಈ ಒಪ್ಪಿಗೆಯಿಂದ. ನಾವು ಇಪ್ಪತ್ತು ಮಂದಿ ಕೂಗಿದೆವು, ಕೂಗನ್ನು ಸಾವಿರಾರು ಜನ ಹಂಚಿದರು, ತಾವು ಅದಕ್ಕೆ ಮೊಹರು ಹಾಕಿದಿರಿ. ಎಲ್ಲರೂ ಸೇರಿ ಒಬ್ಬ ಹೆಣ್ಣುಮಗಳಿಗೆ ತನ್ನ ಉಸಿರಿನ ಮೇಲೆ ತನಗೇ ನಂಬಿಕೆ ಇಲ್ಲದಂತೆ ಮಾಡಿದೆವು. ಸೋತ ತಂಡದ ಅಭಿಮಾನಿಗಳಿಗೆ ತಲೆ ನಿಲ್ಲುವುದಿಲ್ಲ, ಒಪ್ಪಿಕೊಳ್ಳುತ್ತೇನೆ. ಆ ಗದ್ದಲದಲ್ಲೂ ತಲೆ ನೆಟ್ಟಗಿಟ್ಟುಕೊಳ್ಳಲಿ ಎಂದೇ ಅಲ್ಲವೇ ತಮ್ಮಂಥ ಸಮಿತಿಗಳಿರುವುದು? ತೀರ್ಪು ಕೊಡುವವರ ಮೇಲೆ ತೀರ್ಪು ಕೊಡಲು ಕೂತವರು ಗ್ಯಾಲರಿಯ ಜೊತೆ ಸೇರಿ ಕೂಗಿದರೆ, ನಾಳೆ ಯಾವ ರೆಫರಿ ತಾನೇ ಕೊನೆಯ ನಾಲ್ಕು ಸೆಕೆಂಡಿನಲ್ಲಿ ಕಣ್ಣಿಗೆ ಕಂಡದ್ದನ್ನು ಹೇಳಿಯಾರು?

ಇಪ್ಪತ್ತೆಂಟಕ್ಕೆ ಇನ್ನು ಒಂಬತ್ತು ದಿನವಿದೆ. ಅಷ್ಟರೊಳಗೆ ಅವರ ಅಮಾನತನ್ನು ರದ್ದು ಮಾಡಿ. ಮರುಪಂದ್ಯ ಕೈಬಿಡಿ, ಕಪ್ಪನ್ನು ಗೆದ್ದವರಿಗೇ ಕೊಡಿ. ನನ್ನನ್ನು ಎಲ್ಲ ಅಂಗಣಗಳಿಂದ ಎಷ್ಟು ವರ್ಷ ಬೇಕಾದರೂ ಹೊರಗಿಡಿ. ಅದಕ್ಕೆ ಯಾವ ಕಲಮೂ ಸಿಗದಿದ್ದರೆ ಗುರುಚರಣನನ್ನು ಕೇಳಿ, ಹುಡುಕಿಕೊಡುತ್ತಾನೆ. ಆದರೆ ‘ಅಮಾನತನ್ನು ಹಿಂಪಡೆಯಲಾಗಿದೆ’ ಎಂಬ ಒಂದು ಸಾಲು ಕಳಿಸಿ ಕೈತೊಳೆದುಕೊಳ್ಳಬೇಡಿ. ತಾವು ಕರುಣೆ ತೋರಿಸಿದಿರಿ ಎಂದು ಅವರು ತಿಳಿದಾರು. ‘ನೀವು ಸೀಟಿ ಊದಲಿಲ್ಲ’ ಎಂದು ಬರೆಯಿರಿ. ಸಮಿತಿಯ ಕಾಗದದ ಮೇಲೆ, ತಮ್ಮ ಸಹಿ ಹಾಕಿ, ಆ ಚೆನ್ನಾಗಿ ಬೀಳುವ ಮೊಹರನ್ನೂ ಒತ್ತಿ ಬರೆಯಿರಿ. ಊದಿದಿರಿ ಎಂದು ಹೇಳಿದ್ದು ತಾವು. ಊದಲಿಲ್ಲ ಎಂದೂ ತಾವೇ ಹೇಳಬೇಕು.

ಅಂದು ಆ ಶಾಲೆಯಲ್ಲಿ ನಾನು ಬಾಯಲ್ಲಿ ಹೇಳಿದ್ದು ಅವರಿಗೆ ಸಾಲಲಿಲ್ಲ. ಕಟ್ಟೆಯ ಮೇಲೆ ಕೂತು ಎರಡೂ ಸದ್ದನ್ನು ಅವರಿಗೆ ಕೇಳಿಸಿದೆ. ಕೇಳಿ, “ನಿಶ್ಚಯವಾಗಿ ನಿಮ್ಮದೇನಾ ಸಾರ್?” ಎಂದರು. ಹೌದು ಎಂದೆ. ಮಕ್ಕಳನ್ನು ತರಗತಿಗೆ ಕಳಿಸಿ ಬಂದು ಮತ್ತೊಮ್ಮೆ ಕೇಳಿದರು. ಹೌದಮ್ಮ ಎಂದೆ. ಗೇಟಿನವರೆಗೆ ನನ್ನನ್ನು ಬಿಡಲು ಬಂದರು. ನಾನು ರಸ್ತೆ ದಾಟಿ ಆ ಕಡೆ ತಲುಪುವಷ್ಟರಲ್ಲಿ ಹಿಂದಿನಿಂದ ಕೂಗಿದರು. ಬಸ್ಸು, ಲಾರಿಗಳ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ. ತುಟಿ ನೋಡಿದರೆ ತಿಳಿಯುತ್ತಿತ್ತು, ಅದೇ ಪ್ರಶ್ನೆ. ನಾನು ಈ ಕಡೆಯಿಂದ ಬೆರಳೆತ್ತಿ ನನ್ನ ಎದೆಯನ್ನೇ ತೋರಿಸಿದೆ. ಅವರು ತಲೆಯಾಡಿಸಿದರು, ಆದರೆ ಒಳಗೆ ಹೋಗಲಿಲ್ಲ. ಗೇಟಿನ ಕಂಬಿ ಹಿಡಿದು ಅಲ್ಲೇ ನಿಂತಿದ್ದರು.

ಇಂತಿ,
ತಮ್ಮ ಮುಖ್ಯ ಸಾಕ್ಷಿಯಾಗಿದ್ದು, ಆರೋಪಿಯಾಗಲು ಮೂರು ಭಾಷೆಗಳಲ್ಲಿ ಅರ್ಜಿ ಹಾಕಿ ಕಾದಿರುವ
ಉಪೇಂದ್ರ
ಗ್ಯಾಲರಿ, ಮೂರನೇ ಸಾಲು